ಒಂದಿಷ್ಟು ಗುಂಯ್

ಹಳೇ ಚಾದರ ಹೊದ್ದು, ಕೂಸಿನ ಹಾಗೆ
ತೊಡೆಯ ಮೇಲೆ ಕೂತು ಬಂತು ರೇಡಿಯೊ,
ಕುಡ್ತರಿಯಿಂದ ಮಡಗಾಂವಿಗೆ, ರಿಕ್ಷಾದಲ್ಲಿ.
ತೊಡೆ ಕ್ವಿತೇರಿಯಾ ಬಾಯಿಯದು, ವಯಸ್ಸು ಎಂಬತ್ತೊಂದು.
"ಫಕೀರಪ್ಪಾ, ಇದು ಅಪ್ಪನದು.
ನನ್ನ ಜೊತೆ ಮಾತು ಬಿಟ್ಟು ಮೂವತ್ತೆಂಟು ಮಳೆ ಆಯ್ತು"
ಅಂದರು ಕೊಂಕಣಿಯಲ್ಲಿ.
ನಾನು ಕನ್ನಡದಲ್ಲಿ ಕೇಳಿಸಿಕೊಂಡೆ.

ಹಿಂದಿನ ರಟ್ಟು ಬಿಚ್ಚಿದರೆ
ಜೇಡ, ಜಿರಳೆಯ ಮೊಟ್ಟೆ, ಜಪಸರದ ಒಂದು ಮಣಿ,
ಮತ್ತೆ ಮೇಣದ ಕೆಪಾಸಿಟರುಗಳು,
ಬೇಸಿಗೆ ಬೇಸಿಗೆಗೆ ಬೆವರಿ
ತಮ್ಮ ಮೇಣಕ್ಕೆ ತಾವೇ ಅಂಟಿಕೊಂಡಂಥವು.
ದೊಡ್ಡ ಡಬ್ಬಿಯೊಂದರ ಬುಡ ಉಬ್ಬಿ
ಮರೆತ ಉಪ್ಪಿನಕಾಯಿ ಭರಣಿಯಂತೆ
ಅಂಚಿಗೆ ಉಪ್ಪು ಹೂಬಿಟ್ಟಿತ್ತು.

ಸ್ವಿಚ್ಚು ಮುಟ್ಟಬೇಡಿ ಬಾಯಿ, ಅಂದೆ.
ಇಂಥವನ್ನು ಆತುರಕ್ಕೆ ಎಬ್ಬಿಸಿದರೆ ಸುಟ್ಟುಕೊಳ್ಳುತ್ತವೆ.

ಬಾಯ್ನಾದ ಗುಡಿಸಲಿನ ಹುಡುಗನನ್ನು
ಘಾಟಿ ಅನ್ನದೆ ಹೆಸರು ಹಿಡಿದು ಕರೆದ ಮೊದಲಿಗರು
ಬಂದರಿನ ವೈರ್‌ಲೆಸ್ ಇನಾಸಿಯೊ ಮಾಸ್ತರ.
ಕೆಪಾಸಿಟರಿನ ಕೆಲಸ ಏನು, ಹೇಳು?
ನಿಂತದ್ದನ್ನು ತಡಿ, ನಡುಗುವುದನ್ನು ದಾಟಿಸು. ಅಷ್ಟೇ.
ಮುಪ್ಪಾದರೆ ಅದಕ್ಕೆ ಎರಡರ ಗುರುತೂ ಸಿಗೋದಿಲ್ಲ,
ತಡೆಯಬೇಕಾದ್ದನ್ನು ಒಳಗೆ ಬಿಟ್ಟುಕೊಂಡು
ಮುಂದಿನ ವಾಲ್ವನ್ನು ಕೆಂಪಗೆ ಕಾಯಿಸುತ್ತದೆ.
ಆಮೇಲೆ ಬೆರಳಿನ ಬಿಳಿ ಮಚ್ಚೆ ತೋರಿಸುತ್ತಿದ್ದರು:
ಆರಿಸಿದ ಮೇಲೂ ಇದರ ಹೊಟ್ಟೆಯಲ್ಲಿ ಸಿಟ್ಟಿರುತ್ತದೆ,
ಮೊದಲು ಅದನ್ನು ಇಳಿಸು.

ಇಳಿಸಿದೆ.
ಕೊಳವೆಗಳನ್ನು ಬಿಸಿಗಾಳಿಗೆ ಹಿಡಿದು ಕರುಳು ಎಳೆದೆ,
ಬೆಳ್ಳಿ ಕಾಗದ, ಎಣ್ಣೆ ಕಾಗದ,
ಬೀಡಿಗಿಂತ ಬಿಗಿಯಾದ ಸುರುಳಿ.
ಖಾಲಿ ಹೊಟ್ಟೆಗೆ ಹಳದಿ ಬಣ್ಣದ ಹೊಸದನ್ನು ತೂರಿಸಿ
ಅದೇ ಮೇಣ ಕರಗಿಸಿ ಬಾಯಿ ಮುಚ್ಚಿದೆ.
ಹೊರಗೆ ಹಾಲೆಂಡಿನ ಅಕ್ಷರ,
ಒಳಗೆ ಬೆಳಗಾವಿ ಅಂಗಡಿಯ ಮಾಲು, ಒಂದಕ್ಕೆ ಹನ್ನೆರಡು ರೂಪಾಯಿ.
ಇದು ಮೋಸವೋ ಮರ್ಯಾದೆಯೋ
ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ನಡುವೆ ಅರವತ್ತು ವಾಟಿನ ಬಲ್ಬು ಕಟ್ಟಿ ಕರೆಂಟು ಕೊಟ್ಟೆ.
ಬಲ್ಬು ಒಮ್ಮೆ ಕಣ್ಣರಳಿಸಿ ಮೆಲ್ಲಗೆ ಮಂಕಾಯಿತು.
ಮಂಕಾದರೆ ಒಳ್ಳೆಯ ಶಕುನ.
ವಾಲ್ವುಗಳು ಕಾದವು, ಹಸಿರು ಕಣ್ಣು ತೆರೆಯಿತು,
ಮುಳ್ಳು ಲಿಸ್ಬನ್ ದಾಟಿ, ಕರಾಚಿ ದಾಟಿ
ಹೆಸರಿಲ್ಲದ ಜಾಗಕ್ಕೆ ಬಂದಾಗ ಧಾರವಾಡ ಸಿಕ್ಕಿತು:
ಯಾರೋ ಬ್ಯಾಡಗಿ ಮೆಣಸಿನಕಾಯಿಯ ಧಾರಣೆ ಓದುತ್ತಿದ್ದರು,
ಪಕ್ಕದಲ್ಲೇ ಕೂತು ಓದಿದಷ್ಟು ಸ್ವಚ್ಛ.

ಬಾಯಿ ತಲೆ ಅಲ್ಲಾಡಿಸಿದರು.
"ಇದಲ್ಲ."
ಏನು ಕಮ್ಮಿ?
"ಗುಂಯ್ ಇಲ್ಲ."

ಕೇಳಬಾರದ ಸ್ಟೇಷನ್ನುಗಳನ್ನು ಅಪ್ಪ ಕೇಳುತ್ತಿದ್ದ ರಾತ್ರಿಗಳು.
ದನಿ ತಗ್ಗಿಸಿ, ಕಿವಿ ಪೆಟ್ಟಿಗೆಗೆ ಹಚ್ಚಿ.
ಮಾತು ಗೋಡೆ ದಾಟುತ್ತಿರಲಿಲ್ಲ, ಗುಂಯ್ ದಾಟುತ್ತಿತ್ತು.
ಗುಂಯ್ ಇದ್ದರೆ ಅಪ್ಪ ಇದ್ದಾನೆ.
ನಿಂತರೆ ಅಪ್ಪ ಮಲಗಿದ, ನಾನೂ ಮಲಗಬಹುದು.
"ಒಂದು ರಾತ್ರಿ ಅದು ನಿಲ್ಲಲೇ ಇಲ್ಲ.
ಬೆಳಿಗ್ಗೆ ಹೋಗಿ ನೋಡಿದರೆ
ಗುಂಯ್ ಇತ್ತು, ಕುರ್ಚಿ ಖಾಲಿ."

ಜೀವಮಾನವಿಡೀ ಗುಂಯ್ ತೆಗೆದೇ ಉಂಡವನು ನಾನು.
ಹಳೇ ಡಬ್ಬಿ ಮರಳಿ ಕೂರಿಸೋಣವೆಂದರೆ
ಟ್ರಾನ್ಸ್‌ಫಾರ್ಮರ್ ಸುಟ್ಟೀತು, ಮನೆಯೂ ಸುಟ್ಟೀತು.
ಡ್ರಾಯರು ತಡಕಿ ತಡಕಿ, ಕೊನೆಗೆ
ಐವತ್ತು ಮೈಕ್ರೋಫ್ಯಾರಡ್ ಇರಬೇಕಾದಲ್ಲಿ ಹತ್ತರದೊಂದು ಬೆಸೆದೆ,
ಹೊಸದು, ಗಟ್ಟಿಮುಟ್ಟಾದದ್ದು,
ಬೇಕಾದ ಅಳತೆಗೆ ಮಾತ್ರ ಚಿಕ್ಕದು.
ಮಾಸ್ತರ ಇದ್ದಿದ್ದರೆ ಕೈಮೇಲೆ ಹೊಡೆಯುತ್ತಿದ್ದರು.
ಹೊಡೆಯುತ್ತಿರಲಿಲ್ಲವೇನೋ.

ಶಟರು ಅರ್ಧ ಇಳಿಸಿ, ದನಿ ಪೂರ್ತಿ ತಗ್ಗಿಸಿದೆ.
ಬಾಯಿ ಕೋಲೂರಿಕೊಂಡು ಪಕ್ಕದ ಬಲೆಯಂಗಡಿಗೆ ಹೋಗಿ
ನನ್ನ ಗೋಡೆಯ ಆಚೆ ಬದಿಗೆ ಕಿವಿ ಹಚ್ಚಿ ನಿಂತರು.
ಬಹಳ ಹೊತ್ತು.
"ಆರಿಸಬೇಡ" ಅಂದರು ಅಲ್ಲಿಂದಲೇ.

ನಾನು ಕುರ್ಚಿ ಬಿಟ್ಟು ಏಳಲಿಲ್ಲ.