ಕೊಂಬಿನ ದೀರ್ಘ

ಸಾಲಗಾಮೆ ರಸ್ತೆಯ ಮೆಡಿಕಲ್ ಅಂಗಡಿಯ ಮೇಲೆ
ಹದಿನಾಲ್ಕು ಮೆಟ್ಟಿಲು ಹತ್ತಿದರೆ ನನ್ನ ಪಾರ್ಲರು.
ಎರಡು ಕುರ್ಚಿ, ಒಂದು ಗೀಸರು,
ಕರೆಂಟು ಹೋದರೆ ಬೀಸಣಿಗೆ.

ದುದ್ದದಿಂದ ಬಂದ ಬಿಂದುಶ್ರೀ ಕೂತ ಕೂಡಲೇ ಹೇಳಿದಳು,
ಬ್ಯಾಂಕಿನ ಕಿಂಡಿಯಲ್ಲಿ ಪಾಸ್‌ಬುಕ್ ತೂರಿಸುವ ಹಾಗೆ:
"ಅಕ್ಕ, ಕಡಲೆಬೀಜ ನನಗಾಗಲ್ಲ. ಬಾದಾಮಿ ಆಗಲ್ಲ. ಅಕ್ರೋಟು ಆಗಲ್ಲ.
ತಿಂದರೆ ಮಾತ್ರ ಅಲ್ಲ, ಹಚ್ಚಿದರೂ."

ನಕ್ಕುಬಿಟ್ಟೆ.
ಇಪ್ಪತ್ತೆರಡು ವರ್ಷ ಈ ಊರಿನ ಕೆನ್ನೆಗಳಿಗೆ
ಬಾದಾಮಿ ಎಣ್ಣೆ ತಿಕ್ಕಿದವಳು ನಾನು.
ಚರ್ಮಕ್ಕೆ ಬಾಯಿ ಇದೆಯೇನೇ, ಅಂದೆ.
ಅವಳು ಮಾತಾಡದೆ ಫೋನು ತೋರಿಸಿದಳು:
ಅಕ್ಕನ ಸೀಮಂತದಲ್ಲಿ ಸೋದರತ್ತೆ
"ಏನೂ ಆಗಲ್ಲ ಹಚ್ಚಿಕೊಳ್ಳೇ" ಎಂದು ಪ್ರೀತಿಯಿಂದ ಬಳಿದ ಕ್ರೀಮು,
ರೆಪ್ಪೆ ಎರಡೂ ಬನ್ನಿನ ಹಾಗೆ ಉಬ್ಬಿ
ಕಣ್ಣೇ ಇಲ್ಲದ ಮುಖ.
ಹಿಂದೆ ಆಸ್ಪತ್ರೆಯ ಹಸಿರು ಗೋಡೆ.

ಸೀಸೆಗಳನ್ನೆಲ್ಲ ಕಿಟಕಿಗೆ ತಂದೆವು.
ಅಕ್ಷರಗಳೋ, ಗಸಗಸೆಗಿಂತ ಸಣ್ಣ.
ಕೆಳಗಿನ ಚನ್ನವೀರಪ್ಪ ಭೂತಗನ್ನಡಿ ಕೊಟ್ಟು,
ಹೆಸರುಗಳನ್ನೂ ಬಿಡಿಸಿ ಹೇಳಿದ.
ಬೀಜಗಳಿಗೂ ಎರಡೆರಡು ಹೆಸರಂತೆ,
ಮನೆಯಲ್ಲಿ ಪುಟ್ಟಿ, ಹಾಜರಿ ಪುಸ್ತಕದಲ್ಲಿ ಮಹಾಲಕ್ಷ್ಮಿ ಅನ್ನುವ ಹಾಗೆ.
ಅರಾಕಿಸ್ ಅಂದರೆ ನಮ್ಮ ಕಡಲೆಕಾಯಿ.
ಜಗ್ಲಾನ್ಸ್ ಅಂದರೆ ಅಕ್ರೋಟು,
ಸ್ಕ್ರಬ್ಬಿನೊಳಗೆ ಮರಳಾಗಿ ಅಡಗಿದೆ.
ಪ್ರೂನಸ್ ಅಮಿಗ್ಡಲಸ್, ಎಂಥ ಠೀವಿಯ ಹೆಸರು,
ಕಂಪನಿ ನಾಟಕದ ರಾಜಕುಮಾರನಂತೆ.
ಅವನೇ ನನ್ನ ಬಾದಾಮಿ.

ಬಿಂದು ಹಾಜರಿ ಕೂಗಿದಳು.
ಹದಿನೇಳು ಸೀಸೆಯಲ್ಲಿ ಹನ್ನೊಂದು "ಬಂದೆ ಮೇಡಂ" ಅಂದವು.
ಎಲೆಯ ಚಿತ್ರ ಹೊತ್ತು ಸಾಧುವಿನಂತೆ ಕೂತಿತ್ತಲ್ಲ,
ಮೊದಲು ಸಿಕ್ಕಿಬಿದ್ದದ್ದು ಅದು.

"ಕಡಲೆಹಿಟ್ಟು?"
"ಅದು ಆಗುತ್ತೆ. ಬೋಂಡಾ ಬಿಟ್ಟವಳಲ್ಲ ನಾನು."
ಕಡಲೆ ಆಗುತ್ತದೆ, ಕಡಲೆಕಾಯಿ ಆಗದು.
ಒಂದು ಕಾಯಿಯಷ್ಟೇ ಅಂತರ, ಅದರೊಳಗೇ ಅವಳು ಬಾಳಬೇಕು.
ಹೊಸ ಬಟ್ಟಲಲ್ಲಿ ಗಟ್ಟಿ ಮೊಸರು, ಕಡಲೆಹಿಟ್ಟು,
ಅರಿಶಿನದ ಕೊಂಬು ತೇದು ಕಲಸಿದೆ.
ಮೊಣಕೈ ಮಡಿಕೆಯಲ್ಲಿ ಒಂದೇ ಬೊಟ್ಟಿಟ್ಟು
ನಾಳೆ ಬಾ, ಅಂದೆ.

ನಾಳೆ ಬಂತು. ಬೊಟ್ಟಿಟ್ಟ ಜಾಗ ತಣ್ಣಗಿತ್ತು.
ಬಟ್ಟಲು ಸಿದ್ಧ, ಅವಳು ಕಣ್ಣು ಮುಚ್ಚಿದ್ದಳು,
ನನ್ನ ಬೆರಳು ಕೆನ್ನೆಗೆ ಇನ್ನೇನು ಒಂದಂಗುಲ.
ಮಣಿಕಟ್ಟು ಹಿಡಿದಳು:
"ಅಕ್ಕ, ತಿಂಡಿ ಏನು ಇವತ್ತು?"

ಇಡ್ಲಿ.
ಇಡ್ಲಿ ಮತ್ತು ಕಡಲೆಬೀಜದ ಚಟ್ನಿ.
ಬಟ್ಟಲಿನ ತಳ ಬೆರಳಲ್ಲಿ ಬಳಿದು ನೆಕ್ಕಿ,
ಸೆರಗಿಗೆ ಕೈ ಒರೆಸಿ, ಓಡಿ ಬಂದಿದ್ದೆ.

ಹನ್ನೊಂದು ಸೀಸೆ ಹಿಡಿದುಕೊಟ್ಟ ಭೂತಗನ್ನಡಿ
ನನ್ನ ಉಗುರಿನ ಕಡೆ ತಿರುಗಿರಲಿಲ್ಲ.

ಉಂಗುರ ಬಿಚ್ಚಿಟ್ಟೆ. ಸೋಪು ಹಾಕಿ ತೊಳೆದೆ.
ಸೆರಗು ಸಿಕ್ಕಿಸಿ ಮತ್ತೆ ತೊಳೆದೆ.
ಗೀಸರಿನ ನೀರು ಮುಗಿದ ಮೇಲೆ ತಣ್ಣೀರಲ್ಲಿ ತೊಳೆದೆ.
ಅಡುಗೆಮನೆಯಿಂದ ಇಷ್ಟು ದೂರ
ಕೈ ಹಿಡಿದು ಬಂದ ರುಚಿಗೆ
ಬಾಗಿಲಲ್ಲೇ ನಿಲ್ಲು ಅನ್ನುವುದು ಸುಲಭವಿರಲಿಲ್ಲ.
ಬಿಂದು ಕಾದಳು. ಆಕಳಿಸಿದಳು.
ಆಮೇಲೆ ಮುಖ ಕೊಟ್ಟಳು.

ಮದುವೆ ಮುಗಿದ ವಾರ ಬೋರ್ಡು ಬರೆಸಿದೆ.
"ಕುರ್ಚಿಯಲ್ಲಿ ಕೂರುವ ಮುಂಚೆ ಹೇಳಿ: ನಿಮಗೆ ಏನು ಆಗಲ್ಲ?"
ಪೇಂಟರ್ ಹುಡುಗ ಧಾರಾಳಿ,
ನುವಿಗೊಂದು ದೀರ್ಘ ಎಳೆದಿದ್ದ.
*ನಿಮಗೆ ಏನೂ ಆಗಲ್ಲ.*

ಈ ಮಾತು ಹೇಳುವವರು ಊರ ತುಂಬ ಇದ್ದಾರಪ್ಪ,
ಅಂತ ಏಣಿ ಹಿಡಿದು ನಿಂತು,
ಒಣಗುವ ಮುಂಚೆಯೇ
ಆ ದೀರ್ಘ ಕೆರೆಸಿದೆ.