ಆಳಂದ ಅನ್ನೋ ಮುಂದ

ಮೊದಲ ಕೇಳಿಸಿದ್ದು ನನಗಲ್ಲ, ಮೈಕಿಗೆ.

ಕಲಬುರಗಿ ಬಸ್‌ಸ್ಟ್ಯಾಂಡಿನ ವಿಚಾರಣೆ ಖೋಲಿಯಾಗ ಕುಂತು
ಹನ್ನೊಂದು ವರ್ಷದಿಂದ ಊರಿನ ಹೆಸರು ಕೂಗ್ತೀನಿ.
ಸೇಡಂ, ಚಿಂಚೋಳಿ, ಜೇವರ್ಗಿ, ಸುರಪುರ,
ಇವು ಸಣ್ಣ ಬಾಯಿಲೇ ಮುಗೀತಾವ.
ಆಳಂದಕ್ಕ ಮಾತ್ರ ಬಾಯಿ ಪೂರ್ತಿ ತೆರೀಬೇಕು.
ಆ ಅಂದೆ.
ಟಕ್ ಅಂತು.

ಸೂರ್ಯಕಾಂತ ಓಡಿ ಬಂದ,
'ಅಕ್ಕೋರ, ವೈರ್ ಸಡಿಲ ಆಗ್ಯಾದ' ಅಂದ.
ವೈರ್ ಬದಲಿಸಿದ, ಮೈಕ್ ಬದಲಿಸಿದ,
ಸ್ಪೀಕರಿನಾಗಿನ ಗುಬ್ಬಿ ಗೂಡೂ ತಗದ.
ಟಕ್ ಹೋಗಲಿಲ್ಲ.

ನಾ ಕಿವೀನೇ ಅಂದ್ಕೊಂಡೆ.
ಬಳ್ಳೊಳ್ಳಿ ಕಾಸಿದ ಎಣ್ಣಿ ಎರಡು ಹನಿ,
ಆಮ್ಯಾಲ ಕಿವಿ ಡಾಕ್ಟರು. ಲೈಟ್ ಬಿಟ್ಟು ನೋಡಿ
'ತೊಳದಿಟ್ಟ ವಾಟಗದಂಗ ಅದ ಕಿವಿ' ಅಂದ್ರು.
ತಲಿಬ್ಯಾನಿಗೆ ಚಷ್ಮಾದ ನಂಬರ್ ಬದಲಾತು.
ಮುಂಜಾನೆ ಎದ್ದರ ಕಪಾಳ
ರಾತ್ರಿ ಇಡೀ ಯಾರೋ ಬಡದಂಗ.
ಯಾರೂ ಬಡದಿಲ್ಲ.
ಬಾಜೂಮನಿ ಚಂದಮ್ಮ ಮಾತ್ರ
ನನ್ನ ಗಂಡನ್ನ ಒಂದು ನಮೂನಿ ನೋಡ್ಲತ್ತಿದಳು.

ಅತ್ತಿ ಅಂದಳು, 'ಸರಿರಾತ್ರ್ಯಾಗ ಬೀಸುಕಲ್ಲು ಯಾಕ ತಿರುವತಿ,
ಗಿರಣಿ ಬಂದು ಎಷ್ಟು ವರ್ಷ ಆತು?'
ನನ್ನ ಬಾಯಾಗ ನಾ ಯಾರ ಜೋಳ ಬೀಸ್ತೀನಿ
ನನಗೇ ಗೊತ್ತಿಲ್ಲ.
ಕಡಕ್ ರೊಟ್ಟಿ ಮುರದ ಸಪ್ಪಳ ಯಾವುದು,
ಅವ್ವನ ಸಪ್ಪಳ ಯಾವುದು,
ಮಗಳು ಕಣ್ಣು ಮುಚ್ಚಿ ಹೇಳ್ತಾಳ. ಒಮ್ಮೀನೂ ತಪ್ಪಿಲ್ಲ.
ಹಲ್ಲಿದ್ದವರಿಗೆ ಕಡಲಿಲ್ಲ ಅಂತಾರ.
ನನಗ ಹಲ್ಲೂ ಅದಾವ, ಕಡಲೀನೂ ಅದಾವ.

ಒಂದಿನ ಮಧ್ಯಾಹ್ನ
ಡಾಂಬರು ಚಪ್ಪಲಿಗೆ ಅಂಟೋ ಹೊತ್ತು, ಆಕಳಿಸಿದೆ.
ತೆರದ ಬಾಯಿ ಮುಚ್ಚಲಿಲ್ಲ.
ಅಫಜಲಪುರದ ಗಾಡಿ ಬಂದು ನಿಂತದ,
ಮೈಕ್ ಚಾಲೂ ಅದ,
ನನ್ನ ಬಾಯಾಗ ಬರೇ ಗಾಳಿ.
ಜನ ತಲಿ ಎತ್ತಿ ಸ್ಪೀಕರ್ ನೋಡಿದರು.
ಹತ್ತು ಉಸಿರು ಆಗಿರಬೇಕು, ತಾನೇ ಜಾರಿ ಕುಂತಿತು.
ಅಷ್ಟರಾಗ ಅಫಜಲಪುರದವರು
ಬೋರ್ಡು ಓದಿ ತಾವೇ ಹತ್ತಿದ್ದರು.

ಹಲ್ಲಿನ ಡಾಕ್ಟರು ನುಸ್ರತ್
ಹಲ್ಲು ನೋಡಲೇ ಇಲ್ಲ ಮೊದಲ.
ಎರಡೂ ಕಿವಿ ಮುಂದ ಬೆರಳಿಟ್ಟು
'ಬಾಯಿ ತೆರೀರಿ, ಮೆಲ್ಲಕ' ಅಂದ್ರು.
ಮೂರು ಬೆರಳು ಹಿಡಿಸೋ ಕಡೆ ಎರಡೇ ಹಿಡಿಸಿದವು.
ಕೆಳಗಿನ ದವಡಿ ಎಡಕ್ಕ ಹೊರಳಿತು
ಒಂದು ಗಾಲಿ ಸವದ ಟಾಂಗಾದಂಗ.
'ಬಾಗಿಲಿಗೆ ಬಿಜಾಗರಿ ಇರ್ತದಲ್ಲ, ಅದಕ್ಕ ಸಿಟ್ಟು ಬಂದದ.
ಸುಮ್ಮನಿದ್ದಾಗ ಹಲ್ಲಿಗೆ ಹಲ್ಲು ತಾಗಬಾರದು.
ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ.'

ಸುಮ್ಮನಿದ್ದಾಗ!
ನನ್ನ ಅರ್ಧ ನೌಕರಿ ಸುಮ್ಮನಿರೋದೇ,
ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವ.
ಕಂಟ್ರೋಲರ್ ಸಾಹೇಬರು
'ಮಷೀನ್ ಬರ್ಲತ್ತಾದ, ಎಲ್ಲಾ ಊರಿನ ಹೆಸರು
ಒಮ್ಮೆ ಧ್ವನಿ ತುಂಬಿಸಿ ಕೊಟ್ಟುಬಿಡ್ರಿ' ಅಂದಾಗ
ನಾ ಏನೂ ಅನ್ನಲಿಲ್ಲ.
ಅನ್ನದೇ ಬಿಟ್ಟಿದ್ದು ಎಲ್ಲಿ ಹೋತು ಅಂತ
ಈಗ ಬೆರಳಿಗೆ ಹತ್ತತದ,
ಕಣತಲಿ ಕೆಳಗ, ಹುಣಸಿಬೀಜದಷ್ಟು ಗಂಟು.

ಬಿಸಿ ಬಟ್ಟಿ ಇಡ್ತೀನಿ. ರೊಟ್ಟಿ ಪಲ್ಯಾದಾಗ ನೆನೆಸಿ ತಿಂತೀನಿ.
ಮೈಕಿನ ಕುತ್ತಿಗಿಗೆ ಕೆಂಪು ಟಿಕಳಿ ಒಂದು ಹಚ್ಚೀನಿ,
ಕಂಡಾಗೊಮ್ಮೆ ದವಡಿ ಕೆಳಗ ಬಿಡಲಿಕ್ಕೆ.
ಒಂದೊಂದು ದಿನ ಆಳಂದ ಸಪ್ಪಳಿಲ್ಲದ ಹೋಗ್ತದ.
ಒಂದೊಂದು ದಿನ ಇಲ್ಲ.

ನಿನ್ನಿ ಕಿಡಕಿ ಆಚೆ ಕಾಲೇಜಿನ ಹುಡುಗಿ ಒಬ್ಬಾಕಿ
ಯಾದಗಿರಿ ಬಸ್ ಕೇಳಲಿಕ್ಕೆ ಬಾಯಿ ತೆರದು
ಅರ್ಧಕ್ಕ ನಿಂತು
ಕಿವಿ ಮುಂದ ಬೆರಳು ಒತ್ತಿದಳು.
'ಕಿವಿ ಅಲ್ಲ ಅದು' ಅಂದೆ.
'ಏನ್ರಿ?' ಅಂದಳು.
'ಪ್ಲಾಟ್‌ಫಾರ್ಮ್ ಏಳು. ಇನ್ನ ಹೊತ್ತದ.
ಒಳಗ ಬಾ ಇಲ್ಲಿ,
ಬಾಯಿ ತೆರಿ, ಮೆಲ್ಲಕ.'