ಕೀವಿಲ್ಲದ ಗಾಯ

ಎರ್ಝುರುಮ್. ಕಿಟಕಿಯಾಚೆ ಹಿಮ.
ನಲವತ್ತು ದಿನ ತುಂಬಿದರೂ
ಯಾಮನ್‌ನ ಹೊಕ್ಕುಳಬಳ್ಳಿ ಉದುರಿಲ್ಲ.
ಉದುರಿದ್ದನ್ನು ಶಾಲೆಯಂಗಳದಲ್ಲಿ ಹೂತರೆ
ಮಗು ಓದುತ್ತದಂತೆ;
ಅಜ್ಜಿ ಗುಲ್ಸುಮ್ ಕರವಸ್ತ್ರ ಮಡಿಸಿಟ್ಟು ಕಾದಿದ್ದಾಳೆ.

‘ಒಂದು ಹನಿ ಕೀವಿಲ್ಲ, ನೋಡು,
ಎಷ್ಟು ಚೊಕ್ಕ ಗಾಯ!’
ಏನೆಂದು ಹೇಳಲಿ?

ಗಾಜಿನ ಮೇಲೆ ಎಣಿಸಿದವಳು ನಾನು.
ಬಿಳಿಕಣಗಳಿಗೆ ಬರವಿಲ್ಲ, ಸಂತೆಯಷ್ಟಿವೆ.
ಕರೆ ಕೇಳಿ ಓಡಿ ಬರುತ್ತವೆ,
ಗಾಯದ ಓಣಿ ಹಾದು
ಹಾಗೇ ತೇಲಿಹೋಗುತ್ತವೆ.
ನೆತ್ತರ ಸೆಳವಿನಲ್ಲಿ
ಗೋಡೆ ಹಿಡಿದು ನಿಲ್ಲಲು
ಅವಕ್ಕೆ ಕೈಯಿಲ್ಲ.

ಮೊನ್ನೆ ನನ್ನ ಬೆರಳಿಗೆ ಗಾಜು ಚುಚ್ಚಿ
ಕೆಂಪು, ಬಿಸಿ, ಬಾವು,
ರಾತ್ರಿಯಿಡೀ ಡೋಲು.
ಶಪಿಸಿದ್ದೆ.

ಅದೇ ಬೆರಳಲ್ಲಿ ಈಗ
ಯಾಮನ್‌ನ ವರದಿ ಬರೆಯುತ್ತೇನೆ.
ಪೆನ್ನು ಒತ್ತಿದಾಗಲೆಲ್ಲ ನೋವು:
ಒಳಗೆ ಯಾರೋ ಇಳಿದು
ದುಡಿಯುತ್ತಿದ್ದಾರೆ.